ತಮ್ಮನ ನೆಪ, ಗಂಡನ ದೀಪ

ನನ್ನ ಗಂಡನಿಗೆ ಐವತ್ತು ತುಂಬುವುದು ಅವರ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಉಡುಗೊರೆ ಏನು ಬೇಕೆಂದು ಕೇಳಿದರೆ "ಏನೂ ಬೇಡ" ಎನ್ನುವುದು ಮಾತ್ರ ನೂರಕ್ಕೆ ನೂರು ಅವರದೇ ತಪ್ಪು. ಏನೂ ಬೇಡ ಎಂಬ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. (ಸಿಕ್ಕರೂ ಇವರಿಗೆ ಅದರ ಬಣ್ಣ ಹಿಡಿಸುವುದಿಲ್ಲ.)

ಇವರು ಮುದ್ರಣಾಲಯದಲ್ಲಿ ಪ್ರೂಫ್ ರೀಡರ್. ಹಗಲೆಲ್ಲ ಊರಿನವರ ಕಾಗುಣಿತದ ತಪ್ಪು ಹುಡುಕಿ, ಬೆರಳಿನ ಕೆಂಪು ಶಾಯಿ ಒಣಗುವ ಮೊದಲೇ ಮನೆಗೆ ಬಂದು ನನ್ನ ತಪ್ಪು ಹುಡುಕುತ್ತಾರೆ. ಹಿಂದೊಮ್ಮೆ ನಾನು ತರಿಸಿದ ಕೇಕಿನ ಮೇಲೆ ಬೇಕರಿಯವನು 'ಶುಬಾಶಯ' ಎಂದು ಬರೆದುಬಿಟ್ಟಿದ್ದ. ಎಲ್ಲರೂ ಚಪ್ಪಾಳೆಗೆ ಕೈಯೆತ್ತಿ ನಿಂತಿದ್ದರೆ, ಇವರು ಚಾಕುವಿನ ತುದಿಯಿಂದ ಆ 'ಬಾ'ದ ಹೊಟ್ಟೆ ಸೀಳಿ 'ಭಾ' ಮಾಡಿದ ಮೇಲೆಯೇ ಕೇಕು ಕತ್ತರಿಸಿದ್ದು. ಅವರ ಮಹಾಪ್ರಾಣಕ್ಕಾಗಿ ಕಾದು ಕಾದು ನನ್ನ ಅಲ್ಪಪ್ರಾಣ ಹೋಗುವುದೊಂದು ಬಾಕಿ.

ನಾನು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಎಕ್ಸ್‌ರೇ ಎಲ್ಲಿ, ಹೆರಿಗೆ ವಾರ್ಡು ಎಲ್ಲಿ ಎಂದು ಲೋಕಕ್ಕೆಲ್ಲ ದಾರಿ ತೋರಿಸುವ ನನಗೇ ಈ ವಿಷಯದಲ್ಲಿ ದಾರಿ ಕಾಣಲಿಲ್ಲ. ಕೊನೆಗೆ ಹೆಡ್ ನರ್ಸ್ ಹತ್ತಿರ ಗೋಳು ತೋಡಿಕೊಂಡೆ.

"ಅಯ್ಯೋ, ಇಷ್ಟೇನಾ? ಬೇರೆ ಯಾರಿಗೋ ಅಂತ ಹೇಳಿ ಅಂಗಡಿಗೆ ಕರ್ಕೊಂಡು ಹೋಗಿ. ಗಂಡಸರು ತಮಗೆ ಬೇಕಾದ್ದನ್ನೇ ಬೇರೆಯವರಿಗೂ ಆರಿಸೋದು. ನಮ್ಮನೆಯವರಿಗೆ ಶೂ ಕೊಡಿಸಿದ್ದೇ ಹೀಗೆ," ಎಂದರು ಆಕೆ.

ಆಹಾ, ಎಂಥ ರಾಜತಂತ್ರ! ಮನೆಗೆ ಬಂದವಳೇ, "ರೀ, ನಾಳೆ ನನ್ನ ಜೊತೆ ಅಂಗಡಿಗೆ ಬನ್ನಿ. ಒಂದು ಉಡುಗೊರೆ ಆರಿಸಿಕೊಡಬೇಕು," ಎಂದೆ.

"ಯಾರಿಗೆ?"

"ನನ್ನ ತಮ್ಮನಿಗೆ. ಹುಟ್ಟುಹಬ್ಬ." ಬಾಯಿಗೆ ಬಂದ ಮೊದಲ ಸುಳ್ಳು ಅದು.

ಇವರ ಕಣ್ಣಲ್ಲಿ ಒಂದು ಹೊಳಪು ಕಂಡಿತು. ಪ್ರೀತಿಯ ಹೊಳಪು ಎಂದುಕೊಂಡೆ. ಹಳೆಯದೊಂದು ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. (ಇವರು ಮರೆತಿರಲಿಲ್ಲ.) ನಮ್ಮ ಮದುವೆಯ ಕರೆಯೋಲೆಯ ಪ್ರೂಫ್ ನೋಡಿದವರು ಖುದ್ದು ಮದುಮಗನೇ. ಅಚ್ಚಾಗಿ ಬಂದಾಗ 'ವಧು'ವಿನ ಕೊಂಬು ಹಾರಿಹೋಗಿ 'ವಧ' ಎಂದಾಗಿತ್ತು! ಅದು ಬಿದ್ದದ್ದು ನನ್ನ ತಮ್ಮನ ಕಣ್ಣಿಗೆ. ಅವನು ತುಂಬಿದ ಸಭೆಯಲ್ಲಿ, "ಭಾವ, ವಧ ಊಟಕ್ಕೆ ಮುಂಚೇನೋ, ಆಮೇಲೋ?" ಎಂದು ಕೇಳಿಬಿಟ್ಟ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತು ಭಾವ ಮತ್ತು ಭಾವಮೈದುನನ ಮಾತಿಗೆ ಬಿದ್ದ ಪೂರ್ಣವಿರಾಮ ಇಪ್ಪತ್ತೈದು ವರ್ಷವಾದರೂ ಅಲ್ಪವಿರಾಮವಾಗಿರಲಿಲ್ಲ.

ಅಂಗಡಿಯಲ್ಲಿ ಮೊದಲರ್ಧ ನಾನಂದುಕೊಂಡಂತೆಯೇ ನಡೆಯಿತು. ಹಿತ್ತಾಳೆ ಕಂಬದ, ಹಸಿರು ಗಾಜಿನ ಟೋಪಿಯ ಒಂದು ಓದುವ ದೀಪದ ಮುಂದೆ ಇವರು ನಿಂತುಬಿಟ್ಟರು. ಹಚ್ಚಿದರು, ಆರಿಸಿದರು, ಮತ್ತೆ ಹಚ್ಚಿದರು. ಬೆಳಕಿನ ಕೆಳಗೆ ಅಂಗೈ ಹಿಡಿದು ನೋಡಿದರು. ಅಂಗಡಿಯ ಜಾಹೀರಾತಿನ ಚೀಟಿಯೊಂದನ್ನು ಅದರಡಿ ಹಿಡಿದು ಓದಿದರು. (ಎರಡು ತಪ್ಪು ಸಿಕ್ಕವು.) ಮುಖ ಮಗುವಿನ ಮುಖದಂತಾಗಿತ್ತು.

"ಇಷ್ಟ ಆಯ್ತಾ?" ಎಂದೆ ಮೆಲ್ಲಗೆ.

"ಅದ್ಭುತವಾಗಿದೆ ಕಣೇ."

"ಹಾಗಾದ್ರೆ ಇದನ್ನೇ ತಗೊಳ್ಳೋಣ."

"ಇದನ್ನ? ನಿನ್ನ ತಮ್ಮನಿಗೆ? ಛೆ!" ಎಂದವರೇ ದೀಪ ಆರಿಸಿ, ಗೋಡೆಯ ಕಡೆ ನಡೆದರು. ಅಲ್ಲಿ ಕೆಂಪು ಜುಟ್ಟಿನ ಪ್ಲಾಸ್ಟಿಕ್ ಹುಂಜ ಕೂತ ಒಂದು ಗಡಿಯಾರವಿತ್ತು. ಅಂಗಡಿಯ ಹುಡುಗಿ ಮುಳ್ಳು ತಿರುಗಿಸಿದಳು. ಹುಂಜ ಕತ್ತು ಚಾಚಿ ಕೂಗಿದ ರಭಸಕ್ಕೆ ಪಕ್ಕದಲ್ಲಿದ್ದ ಮಹನೀಯರೊಬ್ಬರು ಕೈಯಲ್ಲಿದ್ದ ಹೂದಾನಿ ಬಿಟ್ಟರು.

"ಗಂಟೆಗೊಂದು ಸಲ ಕೂಗುತ್ತಾ?" ಎಂದು ಇವರು ಕೇಳಿದರು.

"ಹೌದು ಸರ್."

"ರಾತ್ರಿನೂ?"

"ರಾತ್ರಿನೂ ಕೂಗುತ್ತೆ ಸರ್."

"ನಿಲ್ಲಿಸೋಕೆ ಬಟನ್ ಏನಾದ್ರೂ ಇದೆಯಾ?"

"ಇಲ್ಲ ಸರ್."

"ಪ್ಯಾಕ್ ಮಾಡಿ."

ನನ್ನ ಪರ್ಸಿನಿಂದಲೇ ಹಣ ಹೋಯಿತು. ಹೋಗಲಿ, ನಾಳೆ ಒಬ್ಬಳೇ ಬಂದು ಹುಂಜ ವಾಪಸು ಕೊಟ್ಟು ದೀಪ ಒಯ್ದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಇವರು ಪೊಟ್ಟಣ ನನ್ನ ಕೈಗೆ ಕೊಟ್ಟರೆ ತಾನೆ! "ನಾನೇ ಕೊಟ್ಟು ಬರ್ತೀನಿ," ಎಂದು, ಅಷ್ಟು ವರ್ಷ ತಮ್ಮನ ಮನೆಯ ಮೆಟ್ಟಿಲು ತುಳಿಯದವರು ಅಂಗಡಿಯಿಂದ ನೇರ ಅಲ್ಲಿಗೇ ಹೊರಟರು.

ಸ್ವಲ್ಪ ಹೊತ್ತಿಗೆ ತಮ್ಮನ ಫೋನು. "ಅಕ್ಕಾ! ಭಾವ ಬಂದಿದ್ರು! ನನ್ನ ಹುಟ್ಟುಹಬ್ಬಕ್ಕೆ ಇನ್ನೂ ಆರು ತಿಂಗಳಿದೆ, ಪಾಪ, ಅವರಿಗೆ ತಾರೀಕು ತಪ್ಪಿರಬೇಕು. ಆದರೂ ತಾವಾಗೇ ಬಂದ್ರಲ್ಲಾ..." ಅದನ್ನೇ ಮೂರು ಸಲ ಹೇಳಿದ. ನಿಜ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಮರುದಿನ ಕೆಲಸ ಮುಗಿಸಿ ಅಂಗಡಿಗೆ ಓಡಿದೆ. ದೀಪವಿದ್ದ ಜಾಗ ಖಾಲಿ! "ಬೆಳಗ್ಗೆನೇ ಹೋಯ್ತು ಮೇಡಂ, ಒಂದೇ ಇದ್ದಿದ್ದು," ಎಂದಳು ಹುಡುಗಿ. ಗೋಡೆಯ ಮೇಲೆ ಮಾತ್ರ ಮತ್ತೊಂದು ಹುಂಜ ಆಗಲೇ ಬಂದು ಕೂತು, ನನ್ನನ್ನು ನೋಡಿ ಕೂಗಿತು. ದಿಕ್ಕು ತೋಚದೆ ಬೂದುಬಣ್ಣದ ಒಂದು ಸ್ವೆಟರ್ ಕೊಂಡು ತಂದೆ.

ಹುಟ್ಟುಹಬ್ಬದ ಸಂಜೆ ಕರೆಯದೆಯೇ ತಮ್ಮ ಬಂದ. ಕಂಕುಳಲ್ಲಿ ಉದ್ದನೆಯ ಡಬ್ಬ. ಇವರು ಅನುಮಾನದಿಂದಲೇ ಬಿಚ್ಚಿದರು. ಹಿತ್ತಾಳೆ ಕಂಬ, ಹಸಿರು ಗಾಜಿನ ಟೋಪಿ! ಇವರು ದೀಪ ನೋಡಿದರು, ತಮ್ಮನನ್ನು ನೋಡಿದರು, ನೆಲ ನೋಡಿದರು. ಆಮೇಲೆ ಅವನನ್ನು ಬಾಚಿ ತಬ್ಬಿಕೊಂಡು, "ನನ್ನ ಮನಸ್ಸಲ್ಲಿದ್ದದ್ದು ನಿನಗೆ ಹೇಗಯ್ಯಾ ಗೊತ್ತಾಯ್ತು?" ಎಂದರು.

ಲೋಟ ತರುವ ನೆಪದಲ್ಲಿ ಅಡುಗೆಮನೆಗೆ ಬಂದ ತಮ್ಮ ನನ್ನ ಕಿವಿಯಲ್ಲಿ ಉಸುರಿದ: "ಅಕ್ಕಾ, ಭಾವನಿಗೆ ಮಾತ್ರ ಹೇಳಬೇಡ. ಆ ಹುಂಜ ಇಡೀ ರಾತ್ರಿ ಮಲಗೋಕೆ ಬಿಡ್ಲಿಲ್ಲ. ಬೆಳಗ್ಗೆನೇ ವಾಪಸು ಕೊಟ್ಟೆ. ಅದೇ ದುಡ್ಡಿಗೆ ಏನು ಬರುತ್ತೆ ಅಂದೆ, ಈ ದೀಪ ಕೊಟ್ರು."

ಅಂದರೆ ನನ್ನ ದುಡ್ಡು, ನನ್ನ ಉಪಾಯ, ನನ್ನ ದೀಪ! ಪಡಸಾಲೆಗೆ ಹೋಗಿ ಎಲ್ಲವನ್ನೂ ಸಾರಿಬಿಡೋಣ ಎಂದು ಹೊರಟೆ. ಅಲ್ಲಿ ಇವರು ಅವನಿಗಾಗಿ ತಮ್ಮ ಪಕ್ಕಕ್ಕೇ ಕುರ್ಚಿ ಎಳೆದು ಹಾಕುತ್ತಿದ್ದರು. ಅವನು ಬಂದು ಕೂತ. ಇಬ್ಬರೂ ಏನೋ ಮಾತಾಡಿ ನಕ್ಕರು. ನನ್ನ ಕಾಲು ಬಾಗಿಲಲ್ಲೇ ನಿಂತಿತು. ಸುಮ್ಮನೆ ಸ್ವೆಟರ್ ತಂದು ಮುಂದಿಟ್ಟೆ.

ಇವರು ಹಾಕಿಕೊಂಡು ನೋಡಿದರು. "ತೋಳು ಉದ್ದ. ಬಣ್ಣಾನೂ ಒಂಥರಾ," ಎಂದು ಬಿಚ್ಚಿ, "ತಗೋಪ್ಪಾ, ನಿನಗೆ ಸರಿಹೋಗುತ್ತೆ," ಎಂದು ತಮ್ಮನಿಗೇ ಕೊಟ್ಟರು. ಅವನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅದನ್ನೇ ತೊಟ್ಟು ಮನೆಗೆ ಹೋದ.

ಅವನು ಹೋದ ಮೇಲೆ ಇವರು ದೀಪ ಹಚ್ಚಿಕೊಂಡು ಪ್ರೂಫಿನ ಕಟ್ಟು ಬಿಚ್ಚಿದರು. "ನೋಡು, ಮನಸ್ಸು ಓದೋದು ಅಂದ್ರೆ ಇದು. ಇಷ್ಟು ವರ್ಷ ಜೊತೆಗಿದ್ದು ನಿನಗೆ ಬರಲಿಲ್ಲ. ಇನ್ಮೇಲೆ ನನಗೇನಾದ್ರೂ ತರೋದಿದ್ರೆ ನಿನ್ನ ತಮ್ಮನ್ನ ಒಂದು ಮಾತು ಕೇಳು."

ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದೆ, ಸ್ವಲ್ಪ ಜೋರಾಗಿಯೇ.

"ಸದ್ದು ಕಡಿಮೆ ಮಾಡೇ," ಎಂದರು ಇವರು, ಹಸಿರು ಬೆಳಕಿನೊಳಗಿನಿಂದ. "ದೀಪ ಇಷ್ಟು ಚೆನ್ನಾಗಿದೆ, ನೆಮ್ಮದಿಯಾಗಿ ಓದೋಕೆ ಬಿಡು."