ನಡುಮನೆಗೆ ನುಗ್ಗಿದ ಸಮುದ್ರ

ನಮ್ಮ ಮನೆಯಲ್ಲಿ ಒಂದು ವಾರ ಜಗಳವಿಲ್ಲದೆ ಕಳೆದರೆ ನನಗೆ ಭಯ ಶುರುವಾಗುತ್ತದೆ. ಯಜಮಾನರು ಹೊಸ ಸಾಮಾನೇನೋ ತರಲು ಹೋಗಿದ್ದಾರೆಂದೇ ಅರ್ಥ. ಮಧುಗಿರಿಯಲ್ಲಿ ಅವರದು ಬೋರ್‌ವೆಲ್ ಮೋಟಾರು ವೈಂಡಿಂಗ್ ಅಂಗಡಿ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಯಾವುದೋ ಹೋಟೆಲಿನಲ್ಲಿ ಹವಳ, ಬಣ್ಣದ ಮೀನು ಇರುವ ಉಪ್ಪುನೀರಿನ ಅಕ್ವೇರಿಯಂ ನೋಡಿ ಬಂದವರು, ನನ್ನನ್ನು ಒಂದು ಮಾತೂ ಕೇಳದೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ತಂದು ನಡುಮನೆಯಲ್ಲಿ ಕೂರಿಸಿದರು. ಕಿಟಕಿ ಪಕ್ಕದಲ್ಲಿದ್ದ ನನ್ನ ಹೊಲಿಗೆ ಮಿಷನ್ನು ಅಡುಗೆಮನೆ ಪಕ್ಕದ ಓಣಿಗೆ ಹೋಯಿತು. ಬೆಳಕು, ಗಾಳಿ, ಗಿರಾಕಿಗಳು ಕೂರುವ ಬೆಂಚು ಎಲ್ಲವೂ ಸಮುದ್ರದ ಪಾಲು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಜಾಗ ವಾಪಸು ಪಡೆಯದೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

೧. ಉಪ್ಪು

ಮೊದಲು ಬಂದದ್ದು ನೀರು ಶುದ್ಧ ಮಾಡುವ ಫಿಲ್ಟರ್. ನಮ್ಮ ಬೋರಿನ ಉಪ್ಪುನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಅಂತೂ ದೇವರು ಕಣ್ಣು ಬಿಟ್ಟ ಎಂದುಕೊಂಡು ಬಿಂದಿಗೆ ಹಿಡಿದು ಹೋದೆ.

"ಮುಟ್ಬೇಡ, ಅದು ಮೀನಿಗೆ" ಎಂದರು.

ನಾವು ಎಂದಿನಂತೆ ಕ್ಯಾನು ಹಿಡಿದು ಬೀದಿ ಕೊನೆಯ ನೀರಿನ ಘಟಕಕ್ಕೆ. ಫಿಲ್ಟರಿನ ಹಿಂದೆಯೇ ಒಂದು ಮೂಟೆ ಬಂತು. ಏನೆಂದು ನೋಡಿದರೆ ಉಪ್ಪು. ಶುದ್ಧವಾದ ನೀರಿಗೆ ಅದನ್ನು ಕಲಸಿ ಸಮುದ್ರ ಮಾಡಬೇಕಂತೆ.

ಹುಲಿಕುಂಟೆಯಿಂದ ಮೋಟಾರು ರಿಪೇರಿಗೆ ತಂದಿದ್ದ ರೈತರೊಬ್ಬರು ಯಜಮಾನರನ್ನು ಹುಡುಕಿಕೊಂಡು ಮನೆಗೇ ಬಂದು, ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಅಲ್ಲ ಸ್ವಾಮಿ, ಉಪ್ಪು ತೆಗೆಯಾಕೆ ಒಂದು ಮಿಷನ್ನು, ಹಾಕಾಕೆ ಒಂದು ಮೂಟೆ. ಯಾಕಿಂಗೆ ಒದ್ದಾಡ್ತೀರಿ? ನಮ್ಮ ಬೋರಿನ ನೀರು ಒಂದು ಟ್ಯಾಂಕರ್ ಕಳಿಸ್ಲಾ?"

"ಆ ಉಪ್ಪು ಬೇರೆ, ಈ ಉಪ್ಪು ಬೇರೆ" ಎಂದ ಯಜಮಾನರು, ದುರ್ಬೀನಿನಂಥ ಕೊಳವೆಯೊಂದನ್ನು ಕಣ್ಣಿಗಿಟ್ಟುಕೊಂಡು ತೊಟ್ಟಿಯ ಉಪ್ಪು ಅಳೆಯತೊಡಗಿದರು. ಸಾರಿಗೆ ಒಂದು ಹರಳು ಹೆಚ್ಚಾದರೆ ತಟ್ಟೆ ತಳ್ಳುವ ಮನುಷ್ಯ ಇವರು.

"ಇನ್ಮೇಲೆ ತಟ್ಟೆ ತಳ್ಳೋ ಮುಂಚೆ ಸಾರನ್ನೂ ಆ ಕೊಳವೇಲೇ ನೋಡ್ಬುಟ್ಟು ತಳ್ಳಿ" ಎಂದೆ.

೨. ಅಲೆ

ಹವಳಕ್ಕೆ ಅಲೆ ಬೇಕಂತೆ. ಅದಕ್ಕೆಂದೇ ಚಿಕ್ಕ ಪಂಪು ಸಿಗುತ್ತದೆ. ಆದರೆ ಮೋಟಾರಿನವರು ಮೋಟಾರು ಕೊಂಡರೆ ಮಾನ ಏನಾಗಬೇಕು?

"ಅಂಗೈ ಅಗಲದ ಪಂಪ್ಗೆ ಅಂಗಡಿಗೆ ಹೋಗ್ಬೇಕಾ? ನಾನೇ ಮಾಡ್ತೀನಿ ಬುಡು" ಎಂದು ಅಂಗಡಿಯ ಹಳೇ ಮೋಟಾರೊಂದನ್ನು ತಂದು ಜೋಡಿಸಿದರು. ಮೀನುಗಳು ಇನ್ನೂ ಬಂದಿರಲಿಲ್ಲ, ಅವುಗಳ ಪುಣ್ಯ. ಸ್ವಿಚ್ಚು ಒತ್ತಿದ ತಕ್ಷಣ ನೀರು ಎದ್ದು ಫ್ಯಾನಿಗೆ ಬಡಿಯಿತು. ಫ್ಯಾನು ಅದನ್ನು ಮನೆಗೆಲ್ಲ ಹಂಚಿತು. ತಳದಲ್ಲಿ ಹಾಸಿದ್ದ ಬಿಳಿ ಮರಳು, ನಾನು ಗುಂಡಿ ಹಾಕಿ ಮುಗಿಸಿಟ್ಟಿದ್ದ ರೇಷ್ಮೆ ರವಿಕೆಯ ತೋಳಿಗೆಲ್ಲ ಮೆತ್ತಿಕೊಂಡಿತು.

ನಾನು ಕಿರುಚಾಡುತ್ತಿರುವಾಗಲೇ ರವಿಕೆಯ ಒಡತಿ ಹೊಳವನಹಳ್ಳಿಯಿಂದ ಬಂದು ಇಳಿದಳು. ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಅವಳು ರವಿಕೆಯನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು.

"ಇದ್ಯಾವ ವರ್ಕು ಅಕ್ಕಾ? ಮಿಣಮಿಣ ಅಂತದೆ. ನಮ್ಮ ನಾದಿನಿಗೂ ಇಂಗೇ ಹಾಕ್ಕೊಡಿ."

೩. ತಂಪು

ಬೇಸಿಗೆ ಬಂತು. ನಮ್ಮೂರಿನ ಏಕಶಿಲಾ ಬೆಟ್ಟ ಕಾದರೆ ರಾತ್ರಿಯೂ ಆರುವುದಿಲ್ಲ. ಅಷ್ಟರಲ್ಲಿ ಮೀನುಗಳು ಬಂದಿದ್ದವು: ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ. ಅವಕ್ಕೆ ಸೆಕೆಯಾಗಬಾರದೆಂದು ನೀರು ತಣ್ಣಗಿಡುವ ಚಿಲ್ಲರ್ ಬಂತು. ಕರೆಂಟು ಹೋದರೆ ಮನೆಯ ಇನ್ವರ್ಟರ್ ತೊಟ್ಟಿಯ ಪಂಪುಗಳಿಗೆ, ನಮಗೆ ಬೀಸಣಿಗೆ. ಅದನ್ನೂ ಸಹಿಸಿಕೊಂಡೇನು. ಆದರೆ ಆ ಚಿಲ್ಲರ್ ಮೀನಿನ ಸೆಕೆಯನ್ನೆಲ್ಲ ಹೀರಿ ಓಣಿಯ ಕಡೆಗೆ, ಅಂದರೆ ಹೊಲಿಗೆಗೆ ಕೂತ ನನ್ನ ಮುಖಕ್ಕೇ ಊದುತ್ತಿತ್ತು.

ನಮ್ಮತ್ತೆ ನಾಗಲಮಡಿಕೆ ಕಡೆಯವರು, ಬೆರಗಾದರೆ ತೆಲುಗು ಬರುತ್ತದೆ. ಒಂದು ಮಧ್ಯಾಹ್ನ ಓಣಿಗೆ ಬಂದು ಆ ಗಾಳಿಗೆ ಕೈಯೊಡ್ಡಿದರು. "ಏಮಿ ವೇಡಮ್ಮಾ ಇದಿ, ಒಲೆ ಮುಂದೆ ಕುಂತಂಗದೆ" ಎಂದು ಸರಸರ ಒಳಗೆ ಹೋದರು. ಸದ್ಯ, ಮಗನಿಗೆ ಬುದ್ಧಿ ಹೇಳಲು ಒಬ್ಬರಾದರೂ ಹೊರಟರಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಅತ್ತೆ ಮೊರದ ತುಂಬ ಹಸಿ ಸಂಡಿಗೆ ಹಿಡಿದು ವಾಪಸು ಬಂದರು.

"ವಸಿ ಅತ್ಲಾಗೆ ಜರುಗಮ್ಮ, ಗಾಳಿಗೆ ಅಡ್ಡ ಕುಂತಿದ್ದೀಯ."

೪. ಆಯುಧಪೂಜೆ

ಆಯುಧಪೂಜೆಯ ದಿನ ಯಜಮಾನರು ಬೆಳಗ್ಗೆಯೇ ಅಂಗಡಿ ಪೂಜೆಗೆ ಹೋದರು. ನಾನು ಹೂವು, ಬೂದುಗುಂಬಳ ತರಲು ಪೇಟೆಗೆ ಹೋಗಿ ಬಂದರೆ ಮನೆ ಬಿಕೋ ಎನ್ನುತ್ತಿತ್ತು. ತೊಟ್ಟಿಯ ಗುರ್ರೆನ್ನುವ ಸದ್ದೇ ಇಲ್ಲ.

ದೇವರ ಮುಂದೆ ಈಳಿಗೆಮಣೆ, ಮಿಕ್ಸಿ, ಕತ್ತರಿ. ಅವುಗಳ ಪಕ್ಕದಲ್ಲಿ ತೊಟ್ಟಿಯ ದೊಡ್ಡ ಪಂಪು, ಕೊನೆಗೂ ಕೊಂಡೇ ತಂದಿದ್ದ ಅಲೆಯ ಪಂಪು, ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್. ಎಲ್ಲವನ್ನೂ ಬಿಚ್ಚಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ವಿಭೂತಿ ಬಳಿದು, ಹೂವು ಮುಡಿಸಿದ್ದರು.

"ಅತ್ತೆ, ಇವನ್ಯಾಕೆ ಬಿಚ್ಚಿದ್ರಿ?"

"ಹಗಲೂ ರಾತ್ರಿ ದುಡೀತವೆ ಕಣಮ್ಮ. ವರ್ಷಕ್ಕೊಂದಿನ ರಜಾ ಬ್ಯಾಡ್ವಾ? ಪೂಜೆ ಆಗೋಗದೆ, ನಾಳೆ ಬೆಳಗ್ಗೆವರ್ಗೂ ಮುಟ್ಟಂಗಿಲ್ಲ."

ಯಜಮಾನರಿಗೆ ಫೋನು ಮಾಡಿದೆ. ಬಡಿದುಕೊಂಡಿತೇ ಹೊರತು ಎತ್ತಲಿಲ್ಲ. ಅಂಗಡಿಯಲ್ಲಿ ಸ್ಪ್ಯಾನರ್‌ಗಳ ಜೊತೆ ಅವರ ಫೋನೂ ಕುಂಕುಮ ಇಟ್ಟುಕೊಂಡು ಪೂಜೆಗೆ ಕೂತಿತ್ತೆಂದು ಆಮೇಲೆ ಗೊತ್ತಾಯಿತು.

ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೆ ಕೂತೆ. ಮೀನು ಹೋದರೆ ತೊಟ್ಟಿ ಹೋಗುತ್ತದೆ, ನನ್ನ ಕಿಟಕಿ ನನಗೆ ಬರುತ್ತದೆ. ನಾನು ಮಾಡಿದ ತಪ್ಪೂ ಏನಿಲ್ಲ. ಅಷ್ಟರಲ್ಲಿ ಆ ಜೋಡಿ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿತು. ಕೂತಲ್ಲಿಂದ ಎದ್ದೆ. ಸ್ಟೂಲು ಹತ್ತಿ, ಚೊಂಬಿನಲ್ಲಿ ತೊಟ್ಟಿಯ ನೀರು ಮೊಗೆದು ಮೇಲಿಂದ ಸುರಿದೆ. ಗಾಳಿ ಬೆರೆಯಲಿ ಎಂದು ಮತ್ತೆ ಮೊಗೆದೆ, ಮತ್ತೆ ಸುರಿದೆ. ಆ ಹೋಟೆಲಿನವರಿಗೆ, ಯಜಮಾನರಿಗೆ, ಮೀನಿಗೆ, ನನ್ನ ಹಣೆಬರಹಕ್ಕೆ ಒಂದೊಂದು ಚೊಂಬಿಗೆ ಒಬ್ಬೊಬ್ಬರಿಗೆ ಬೈದೆ. ರಟ್ಟೆ ಬಿದ್ದುಹೋಯಿತು.

ಅತ್ತೆ ಇದನ್ನೆಲ್ಲ ನೋಡಿದರು. ಆಮೇಲೆ ವಿಭೂತಿ ತಟ್ಟೆ ತಂದು, ನನ್ನ ಬಲತೋಳಿಗೆ ಮೂರು ಪಟ್ಟೆ ಎಳೆದು, ಕುಂಕುಮ ಇಟ್ಟು, ಬಳೆಗೊಂದು ಸೇವಂತಿಗೆ ಸಿಕ್ಕಿಸಿದರು.

"ಇದೊಂದು ಬುಟ್ಟೋಗಿತ್ತು. ಈ ಮನೇಲಿ ಎಲ್ಲಾಕಿಂತ ಜಾಸ್ತಿ ದುಡಿಯೋದು ಇದೇಯ" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಆಗ ಯಜಮಾನರು ಬಂದರು. ದೇವರ ಮುಂದಿದ್ದ ಪಂಪುಗಳನ್ನು ಕಂಡವರೇ, ನನ್ನ ಮುಖವನ್ನೂ ನೋಡದೆ ತೊಟ್ಟಿಯ ಹತ್ತಿರ ಓಡಿ ಬಗ್ಗಿ ನೋಡಿ, "ಸದ್ಯ, ಚೆನ್ನಾಗವೆ. ನೀನು ನಿಲ್ಲಿಸ್ಬೇಡ, ಹುಯ್ತಾ ಇರು. ನಾನು ಉಂಡ್ಬುಟ್ಟು ಬರ್ತೀನಿ" ಎಂದರು.

ನಾನು ಸ್ಟೂಲಿನಿಂದ ಇಳಿದೆ. ಚೊಂಬನ್ನು ಅವರ ಕೈಯಲ್ಲಿಟ್ಟು, ತೋಳಿನ ವಿಭೂತಿ ತೋರಿಸಿದೆ.

"ನನಗೆ ಪೂಜೆ ಆಗೋಗದೆ. ನಾಳೆ ಬೆಳಗ್ಗೆವರ್ಗೂ ಮುಟ್ಟಂಗಿಲ್ಲ."

ಯಜಮಾನರು ಅವರಮ್ಮನ ಮುಖ ನೋಡಿದರು.

"ಹೂಂ ಕಣ್ಲಾ, ಪೂಜೆ ಆದ ಆಯುಧದ ಕೈಲಿ ಕೆಲ್ಸ ಮಾಡಿಸ್ಬಾರ್ದು. ನೀನೇ ಹುಯ್ಯಿ. ಅಂಗೇ ಅವಳ ಮಿಷನ್ನಿಗೆ ಕಿಟಕಿ ಜಾಗ ಯಾವಾಗ ಬುಡ್ತೀಯ ಅಂತ ಹುಯ್ತಾ ಹುಯ್ತಾ ಯೋಚ್ನೆ ಮಾಡು" ಎಂದ ಅತ್ತೆ, ಎಲೆ ಹಾಕಿ ನನಗೆ ಬಡಿಸತೊಡಗಿದರು.