ಜೋಪಾನದ ಪ್ರದರ್ಶನ

ಗೆದ್ದಲಿಗೆ ಚಿತ್ರಕಲೆಯಲ್ಲಿ ಅಷ್ಟೊಂದು ಆಸಕ್ತಿ ಇದೆಯೆಂದು ಡ್ರಾಯಿಂಗ್ ಮಾಸ್ತರ ಯಂಕೋಬನವರಿಗೆ ಆ ಶನಿವಾರದವರೆಗೆ ಗೊತ್ತಿರಲಿಲ್ಲ. ಮಕ್ಕಳು ವರ್ಷವಿಡೀ ಬರೆದ ಚಿತ್ರಗಳನ್ನು ತಾವರಗೇರಾದ ತಮ್ಮ ಸಾಲೆಯ ಕಪಾಟಿನಲ್ಲಿ ಇಟ್ಟಿದ್ದರು. ಬೆಳಿಗ್ಗೆ ಕದ ತೆಗೆದರೆ ಕಾಗದದ ಬದಲು ಮಣ್ಣು. ಸಂಜೆ ನಾಲ್ಕಕ್ಕೆ ಇಲಾಖೆಯ ಸಾಹೇಬರು ಚಿತ್ರಪ್ರದರ್ಶನ ನೋಡಲು ಬರುವವರಿದ್ದರು.

ಆ ಸಾಹೇಬರ ಚೀಲದಲ್ಲಿ ಮಾಸ್ತರರ ವರ್ಗಾವಣೆಯ ಅರ್ಜಿಯೂ ಇತ್ತು. ಹೆಂಡತಿ ಹುಲಗೆಮ್ಮ ಗಂಗಾವತಿಯಲ್ಲಿ ಬಾಲವಾಡಿ ನಡೆಸುತ್ತಿದ್ದಳು. ತಿಂಗಳಿಗೊಮ್ಮೆ ಬರುವ ಅಪ್ಪನನ್ನು ಕಂಡರೆ ಎರಡು ವರ್ಷದ ಮಗಳು ಯಾರೋ ಬಂದರೆಂದು ಅಳುತ್ತಿದ್ದಳು. ಅದನ್ನು ನೆನೆದರೆ ಮಾಸ್ತರರಿಗೂ ಅಳು ಬರುತ್ತಿತ್ತು. ಆದರೆ ಮಗಳ ಅಳು ಸರಕಾರಕ್ಕೆ ಕಾರಣವಾಗುವುದಿಲ್ಲವೆಂದು ಹೆಡ್‌ಮಾಸ್ತರ ಬಾಲಪ್ಪನವರು ಬೇರೆಯೇ ಬರೆಸಿದ್ದರು: 'ನನ್ನ ಹೊಟ್ಟೆ ಕೆಟ್ಟಿದೆ. ಇಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲ.'

"ಖಾಲಿ ಗ್ವಾಡಿ ತೋರಿಸಿದ್ರ ಸಾಹೇಬ್ರು ನಿಮ್ಮನ್ನ ಗಂಗಾವತಿಗೆ ಕಳಸೂದಿಲ್ರಿ, ಮನಿಗೇ ಕಳಸ್ತಾರ!" ಎಂದು ಬಾಲಪ್ಪನವರು ಹಣೆ ಹಿಡಿದು ಕೂತರು.

ಆಗ ಮಾಸ್ತರರಿಗೆ ಹಳೆಯ ವಾರಪತ್ರಿಕೆಯಲ್ಲಿ ಓದಿದ್ದೊಂದು ನೆನಪಾಯಿತು. ಯಾವುದೋ ಪರದೇಶದಲ್ಲಿ ಕಲಾವಿದನೊಬ್ಬ ಒಂದು ಗೆರೆಯನ್ನೂ ಎಳೆಯದೆ, ಊರವರಿಂದಲೇ ವಸ್ತು ತರಿಸಿ ಪ್ರದರ್ಶನ ಮಾಡಿದ್ದನಂತೆ. ಅವನಿಗೂ ಗೆದ್ದಲು ಹತ್ತಿತ್ತೋ ಏನೋ, ಪತ್ರಿಕೆಯಲ್ಲಿ ಬರೆದಿರಲಿಲ್ಲ. ಮಾಸ್ತರರು ತಡಮಾಡದೆ ಊರಲ್ಲಿ ಡಂಗುರ ಹೊಡೆಸಿದರು: "ಯಾರ್ಯಾರು ಏನೇನು ಜ್ವಾಪಾನ ಮಾಡೀರಿ, ಅದನ್ನ ಸಾಲಿಗೆ ತರಬೇಕಪ್ಪೋ!"

ಮೊದಲು ಬಂದವಳು ಮಾಸ್ತರರ ಪಕ್ಕದ ಮನೆಯ ಕಾಸೀಮಬೀ. ಅವಳ ಬುಟ್ಟಿಯಲ್ಲಿ ಕಾವು ಕೂತ ಕೋಳಿ.

"ಮುಟ್ಟಬ್ಯಾಡ್ರಿ ಮಾಸ್ತರ್ರ, ಕುಕ್ಕತೈತಿ. ಬುಟ್ಟಿ ಸಮೇತ ಹಂಗ ಇಟ್ಟುಬಿಡ್ರಿ."

ಏನು, ಎಷ್ಟು ದಿನ, ಜೋಪಾನ ಮಾಡಿದವರು ಯಾರು ಎಂದು ಮಾಸ್ತರರು ಚೀಟಿ ಬರೆದು ಬುಟ್ಟಿಗೆ ಹಚ್ಚಿದರು. ಆಮೇಲೆ ಮುರಿದ ಕಾಲಿಗೆ ಬಿದಿರು ಕಟ್ಟಿಸಿಕೊಂಡ ಮೇಕೆ ಬಂತು. ನಾಲ್ಕು ತಲೆಮಾರಿನ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ ಬಂತು. ತಂದದ್ದನ್ನು ಬಿಟ್ಟುಹೋಗಲು ಯಾರಿಗೂ ಧೈರ್ಯವಿಲ್ಲ. ಎಲ್ಲರೂ ತಮ್ಮ ತಮ್ಮ ವಸ್ತುವಿನ ಪಕ್ಕದಲ್ಲೇ ಕೂತುಬಿಟ್ಟರು.

ಮಧ್ಯಾಹ್ನ ದುರಗಮ್ಮ ತನ್ನ ಅತ್ತೆ ಮುದಕಮ್ಮನನ್ನು ಕೈಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದಳು.

"ಚೀಟಿ ಹಚ್ರಿ. ಹನ್ನೆರಡು ವರ್ಷ ಜ್ವಾಪಾನ ಮಾಡೇನಿ."

"ಯಾರು ಯಾರನ್ನ?" ಮುದುಕಿ ಸಿಡಿದಳು. "ನಮ್ಮ ಮನಿಗೆ ಬಂದಾಗ ಈಕಿಗೆ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ. ಜ್ವಾಪಾನ ಮಾಡಿದಾಕಿ ನಾನು. ಚೀಟಿ ಆಕಿಗೆ ಹಚ್ರಿ!"

ಕಡೆಗೆ ಇಬ್ಬರಿಗೂ ಚೀಟಿ ಹಚ್ಚಿ ಒಂದೇ ಬೆಂಚಿನ ಮೇಲೆ ಕೂರಿಸಬೇಕಾಯಿತು.

ಸರಿಯಾಗಿ ನಾಲ್ಕಕ್ಕೆ ಸಾಹೇಬರು ಬಂದರು. ಬಾಲಪ್ಪನವರು ಕದದ ಹಿಂದೆ ಸರಿದರು. ಸಾಹೇಬರು ಗೋಡೆ ನೋಡಿದರು, ಕೋಳಿ ನೋಡಿದರು, ಬಗ್ಗಿ ಚೀಟಿ ಓದಿದರು. "ಮರಿ ಆಗಾಕ ಇನ್ನ ಎಷ್ಟು ದಿನ?" ಎಂದು ಕೇಳಿದರು. ಕೌದಿಯ ಮುಂದೆ ನೆಲದ ಮೇಲೇ ಕೂತು, ಯಾವ ತುಂಡು ಯಾರ ಸೀರೆಯದೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಅತ್ತೆ ಸೊಸೆಯರ ಚೀಟಿ ಓದಿ ಹೊಟ್ಟೆ ಹಿಡಿದು ನಕ್ಕರು.

"ಮಾಸ್ತರ, ನನ್ನ ಸರ್ವಿಸಿನಾಗ ಇಂಥಾದ್ದು ನೋಡಿಲ್ಲ," ಎನ್ನುತ್ತ ಚೀಲದಿಂದ ಅರ್ಜಿ ತೆಗೆದರು. "ಸಹಿ ಒಂದ ಬಾಕಿ ಐತಿ ನೋಡ್ರಿ."

ಪೆನ್ನಿನ ಟೋಪಿ ಬಿಚ್ಚಿತು. ಮಾಸ್ತರರ ಮನಸ್ಸು ಆಗಲೇ ಗಂಗಾವತಿಯಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿತ್ತು.

"ತಡೀರಿ ಸಾಹೇಬ್ರ!" ಕಾಸೀಮಬೀ ಎದ್ದು ನಿಂತಳು. "ನಮ್ಮ ಓಣಿಯವರೆಲ್ಲಾ ಕೂಡಿ ಜ್ವಾಪಾನ ಮಾಡಿದ್ದೊಂದು ಇನ್ನೂ ಇಟ್ಟೇ ಇಲ್ರಿ."

ಹೇಳಿದವಳೇ ಮಾಸ್ತರರ ರಟ್ಟೆ ಹಿಡಿದಳು. ಇನ್ನೊಂದು ರಟ್ಟೆ ದುರಗಮ್ಮ ಹಿಡಿದಳು. ಇಬ್ಬರೂ ಸೇರಿ ಅವರನ್ನು ಮುದಕಮ್ಮನ ಪಕ್ಕಕ್ಕೆ ಕೂರಿಸಿದರು.

"ಐದು ವರ್ಷ ಆತ್ರಿ," ಎಂದಳು ದುರಗಮ್ಮ. "ಸೋಮವಾರದ ರೊಟ್ಟಿ ನಮ್ಮನಿದು."

"ಮಂಗಳವಾರದ್ದು ನಮ್ಮದು," ಎಂದಳು ಕಾಸೀಮಬೀ. "ಜ್ವರ ಬಂದಾಗ ಮೂರು ದಿನ ಬಾಯಿಗೆ ಗಂಜಿ ಹಾಕೇನ್ರಿ. ಬಂದಾಗ ಕಡ್ಡಿ ಆಗಿದ್ರು. ಈಗ ಏಳು ರೊಟ್ಟಿ ತಿಂದು ಮ್ಯಾಲೆ ಚರಿಗಿ ಮಜ್ಜಿಗಿ ಕುಡೀತಾರ. ಹೊಟ್ಟಿ ಅಂದ್ರ ಹೊಟ್ಟಿ!"

ಸಾಹೇಬರು ಅರ್ಜಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿದರು. ಮಾಸ್ತರರ ಮುಖ ನೋಡಿದರು. ಆ ಮೂರು ದಿನದ ಗಂಜಿ ಮಾಸ್ತರರಿಗೂ ನೆನಪಿತ್ತು, ಕಣ್ಣು ತುಂಬಿ ಬಂದಿತ್ತು. ಸಾಹೇಬರು ಅರ್ಜಿಯನ್ನು ಮಗುಚಿ, ಸಹಿಗೆಂದು ತೆಗೆದ ಪೆನ್ನಿನಿಂದ ಹಿಂಬದಿಯಲ್ಲಿ ಬರೆದರು: 'ಯಂಕೋಬ ಮಾಸ್ತರ. ಐದು ವರ್ಷ. ಜೋಪಾನ ಮಾಡಿದವರು, ಇಡೀ ಓಣಿ.' ಆಮೇಲೆ ಅದನ್ನು ಗುಂಡುಸೂಜಿಯಿಂದ ಮಾಸ್ತರರ ಅಂಗಿಗೇ ಚುಚ್ಚಿದರು.

"ಸಾಹೇಬ್ರ, ಗಂಗಾವತ್ಯಾಗ ನನ್ನ ಮಗಳು..."

"ಇಂಥಾ ಮಂದೀನ್ನ ಬಿಟ್ಟು ಯಾವ ಊರಿಗೆ ಹೋಗ್ತೀರಿ ಮಾಸ್ತರ?" ಎಂದವರೇ ಸಾಹೇಬರು ಬಾಲಪ್ಪನವರ ಕಡೆ ತಿರುಗಿದರು. "ಪ್ರದರ್ಶನ ಇನ್ನೂ ಎಂಟು ದಿನ ಹಿಂಗ ಇರ್ಲಿ. ಕುಷ್ಟಗಿ, ಯಲಬುರ್ಗಾದ ಮಾಸ್ತರಗೋಳನ್ನ ನೋಡಾಕ ಕಳಸ್ತೀನಿ. ಇಟ್ಟಿದ್ದು ಒಂದೂ ಜಾಗಾ ಬಿಟ್ಟು ಕದಲಬಾರದು."

ಮರುದಿನ ಭಾನುವಾರ, ತಿಂಗಳಿಗೊಮ್ಮೆ ಗಂಗಾವತಿಗೆ ಹೋಗುವ ದಿನ. ಅದನ್ನು ಹೇಳಬೇಕೆಂದು ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರ ಜೀಪು ಹೊರಟುಹೋಯಿತು.

ಮುದಕಮ್ಮ ಮೊಣಕೈಯಿಂದ ಅವರನ್ನು ಮೆಲ್ಲಗೆ ತಿವಿದಳು.

"ಸ್ವಲ್ಪ ಅತ್ತಾಗ ಸರೀರಿ ಮಾಸ್ತರ್ರ. ಎಂಟು ದಿನ ಕುಂಡ್ರೂದೈತಿ."