ಗ್ರಾಫ್ ನೋಡುವ ಷಡ್ಡಕರು

ನಮ್ಮ ಷಡ್ಡಕರನ್ನು ಒಂದು ಪೂರ್ತಿ ಸಿನಿಮಾಕ್ಕೆ ಕೂರಿಸಿ, ಮುಗಿದ ಮೇಲೆ ಕಥೆ ಏನು ಎಂದು ಕೇಳಿ. ಹೇಳಲಾರರು. ನಾಯಕ ಬದುಕಿದನೋ ಸತ್ತನೋ ಅವರಿಗೆ ಗೊತ್ತಿರುವುದಿಲ್ಲ. ಆದರೆ ನಾಯಕಿ ಅಳುವಾಗ ಚಿತ್ರ ಎಲ್ಲಿ ತಡವರಿಸಿತು, ಎಲ್ಲಿ ತುಟಿ ಆಡಿ ಮುಗಿದ ಮೇಲೆ ಮಾತು ಬಂತು, ಎಲ್ಲಿ ಕಂಪ್ಯೂಟರಿನ ಫ್ಯಾನು ಖಳನಾಯಕನಿಗಿಂತ ಜೋರಾಗಿ ಗರ್ಜಿಸಿತು, ಇದನ್ನೆಲ್ಲ ಸಾಕ್ಷಿ ಸಮೇತ ಹೇಳುತ್ತಾರೆ. ಸಿನಿಮಾ ನೋಡುವವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಸಿನಿಮಾ ಓಡುವುದನ್ನು ಮಾತ್ರ ನೋಡುವವರನ್ನು ಕಂಡಿದ್ದೀರಾ?

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಭಾವ ಎನ್ನುತ್ತೇನೆ. ಅಟ್ಟೂರಿನಲ್ಲಿ ಮನೆ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ನಾನು ಯಲಹಂಕ ಹಳೇ ಪೇಟೆಯಲ್ಲಿ ಬೀರು, ಫ್ರಿಜ್ಜು, ಕಚೇರಿ ಕುರ್ಚಿ ಮುಂತಾದ ಹಳೇ ಸಾಮಾನು ಕೊಂಡು ಮಾರುವವನು. ಗೋಣಿಚೀಲ ಹಾಸಿ ಶುರು ಮಾಡಿದವನು ಈಗ ಶಟರ್ ಎಳೆಯುವ ಮಟ್ಟಕ್ಕೆ ಬಂದಿದ್ದೇನೆ. ಅದಕ್ಕೇ ಭಾವ ನನ್ನನ್ನು ‘ಸಾವ್ಕಾರ್ರೆ’ ಎಂದು ಕರೆಯುತ್ತಾರೆ. ಅದು ಗೌರವವೋ ಗೇಲಿಯೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಪುಕ್ಕಟೆ ಬಂದದ್ದನ್ನು ತಿರುಗಿಸಿ ನೋಡಬಾರದು.

ಒಮ್ಮೆ ನನ್ನ ನಾದಿನಿಗೆ ಗಂಡು ನೋಡಲು ರಾಜಾನುಕುಂಟೆಗೆ ಹೋಗಿದ್ದೆವು. ಅವರು ಸಂಭ್ರಮದಿಂದ ತಮ್ಮ ದೊಡ್ಡ ಮಗನ ಮದುವೆಯ ವಿಡಿಯೋ ಹಾಕಿದರು. ನಾವೆಲ್ಲ ಸೊಸೆಯ ಒಡವೆ ನೋಡುತ್ತಿದ್ದರೆ ಭಾವ ಪುರೋಹಿತರ ಬಾಯಿ ನೋಡುತ್ತಿದ್ದರು. ಗಂಡಿನ ತಂದೆ ಪಕ್ಕದಲ್ಲಿ ಬಂದು ಕೂತು ಕೇಳಿದರು: “ಎಂಗನ್ನಿಸ್ತು ಸಾರ್, ನಮ್ ಕಡೆ ಜನ?”

“ಎರಡಕ್ಕೂ ಹೊಂದಾಣಿಕೆ ಇಲ್ಲ ಸಾರ್,” ಎಂದರು ಭಾವ.

ನನ್ನ ಹೆಂಡತಿಯ ಕೈಯಲ್ಲಿದ್ದ ಉಪ್ಪಿಟ್ಟಿನ ಚಮಚ ಅಲ್ಲೇ ನಿಂತಿತು.

“ತುಟಿ ಮೊದ್ಲು ಆಡ್ತದೆ, ಮಂತ್ರ ಆಮೇಲೆ ಬರ್ತದೆ. ಸೆಟ್ಟಿಂಗ್ಸಲ್ಲಿ ಒಂಚೂರು ತಳ್ಳಿದ್ರೆ ಸರಿಹೋಗ್ತದೆ. ತಳ್ಳಲಾ?”

ತಳ್ಳಿದರು. ಪುರೋಹಿತರೂ ಮಂತ್ರವೂ ಒಟ್ಟಿಗೆ ಬಂದದ್ದು ನೋಡಿ ಆ ಮನೆಯವರಿಗೆ ಖುಷಿಯೋ ಖುಷಿ. ಸಂಬಂಧವೂ ಕೂಡಿತು. ಹೀಗಾಗಿ ಆ ಮದುವೆ ಮಾಡಿಸಿದ್ದು ತಾವೇ ಎಂದು ಭಾವ ಇವತ್ತಿಗೂ ನಂಬಿದ್ದಾರೆ.

ಅವರ ಕಂಪ್ಯೂಟರನ್ನು ಕುದುರಿಸಿ ಕೊಟ್ಟವನು ನಾನೇ. ಹೆಬ್ಬಾಳದ ಕಡೆ ಒಂದು ಕಚೇರಿ ಬಾಗಿಲು ಹಾಕುತ್ತಿತ್ತು. ನಿಮಗೊಂದು ಮಾತು ಹೇಳಿರುತ್ತೇನೆ: ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಲೇಬೇಡಿ. ನಾನು ಅಲ್ಲಿ ಕುರ್ಚಿಗಳ ಚೌಕಾಸಿ ಮಾಡಿದೆ, ಮೇಜಿಗೆ ಮೂಗು ಮುರಿದೆ, ಎದ್ದು ಹೊರಟೆ. ಬಾಗಿಲಲ್ಲಿ ನಿಂತು ‘ಆ ಡಬ್ಬ ಎಷ್ಟಕ್ಕೆ ಬಿಸಾಡ್ತೀರಾ’ ಎಂದೆ. ಡಬ್ಬದ ಜೊತೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬಂತು, ಅದರ ಬೆಲೆ ಅವರಿಗೇ ಗೊತ್ತಿರಲಿಲ್ಲ. ಆ ಕಾರ್ಡನ್ನು ಕಂಡಾಗ ಭಾವನ ಮುಖ ಹೇಗೆ ಅರಳಿತು ಅಂತೀರಿ! ತಮ್ಮ ಮದುವೆಯ ವಿಡಿಯೋದಲ್ಲೂ ಅವರ ಮುಖ ಅಷ್ಟು ಅರಳಿಲ್ಲ. ನಾನು ನೋಡಿದ್ದೇನೆ.

ಅಷ್ಟೊಂದು ಖುಷಿ ಯಾಕೆ ಎಂದು ಕೇಳಿದ್ದಕ್ಕೆ ಅವರು ತಮ್ಮ ತಾಯಿಯ ಕಸುಬಿನಿಂದಲೇ ಪಾಠ ಮಾಡಿದರು. ಅವರ ತಾಯಿ ಬಹಳ ವರ್ಷ ಯಲಹಂಕದ ಮಗ್ಗದ ಶೆಡ್ಡುಗಳಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿದವರು.

“ವಿಡಿಯೋ ಅಂದ್ರೆ ಬಿಗಿಯಾಗಿ ಸುತ್ತಿಟ್ಟ ನೂಲು ಕಣ್ರೀ. ನೋಡ್ಬೇಕಾದ್ರೆ ಬಿಚ್ಚಬೇಕು. ಪ್ರೊಸೆಸರ್ ಅಂದ್ರೆ ಶೆಡ್ಡಿನ ಯಜಮಾನ, ಸಾವಿರ ಕೆಲಸ ಅವನಿಗೆ. ಅವನ ಕೈಲೇ ನೂಲು ಬಿಚ್ಚಿಸಿದ್ರೆ ಸುಸ್ತಾಗಿ ಅಲ್ಲಲ್ಲಿ ಬಿಟ್ಬಿಡ್ತಾನೆ, ಚಿತ್ರ ತಡವರಿಸ್ತದೆ. ಕಾರ್ಡಿನಲ್ಲಿ ಬಿಚ್ಚೋದೊಂದೇ ಗೊತ್ತಿರೋ ಆಳು ಕೂತಿದ್ದಾನೆ. ಕೆಲಸ ಅವನಿಗೆ ಒಪ್ಪಿಸಿದ್ರೆ ಯಜಮಾನ ಆರಾಮ. ಅದಕ್ಕೇ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನೋದು.”

ನನಗೆ ಚೆನ್ನಾಗಿಯೇ ಅರ್ಥವಾಯಿತು. ಆಳಿರುವಾಗ ಯಜಮಾನ ಬೀರು ಹೊರುತ್ತಾನೆಯೇ? ಅಂದಿನಿಂದ ಭಾವನ ಮನೆಯಲ್ಲಿ ಏನೇ ಓಡಲಿ, ಮೂಲೆಯಲ್ಲಿ ಯಜಮಾನನ ಆಯಾಸ ತೋರಿಸುವ ಹಸಿರು ಗ್ರಾಫು ತೆರೆದಿರುತ್ತಿತ್ತು. ನಾವು ಹಾಡು ನೋಡುತ್ತಿದ್ದೆವು, ಅವರು ಗ್ರಾಫು ನೋಡುತ್ತಿದ್ದರು.

ಇನ್ನು ಆ ತಾಯಿ. ಮಗ್ಗಗಳ ಸದ್ದಿನಲ್ಲೇ ಅವರ ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಹಾಕುವ ಯಂತ್ರ ಕೊಡಿಸಿದರೆ, ಅದರಲ್ಲಿ ಗುಯ್ ಎನ್ನುವುದು ಬಿಟ್ಟು ಬೇರೇನೂ ಇಲ್ಲವೆಂದು ಡಬ್ಬಿಗೆ ಹಾಕಿಟ್ಟರು. ಆದರೆ ನಾನು ಎದುರು ನಿಂತು ಕೂಗಿದರೆ ಮಾತಿಗೆ ಮಾತು ಉತ್ತರ ಕೊಡುತ್ತಿದ್ದರು. ವ್ಯಾಪಾರದಲ್ಲಿ ಪಳಗಿದ ನನ್ನ ಗಂಟಲೊಂದೇ ಆ ಕಿವಿಗೆ ತಲುಪುವುದು ಎಂದು ನಾನು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು. ಅವರ ಕಾಫಿ ಮಾತ್ರ ಬಹಳ ತೆಳು. ನಡುಮನೆಯ ಆಚೆ ಬದಿಯಲ್ಲಿ ಕೂತು ‘ಇದು ಕಾಫಿಯಲ್ಲ ಕಣೇ, ಪಾತ್ರೆ ತೊಳೆದ ನೀರು’ ಎಂದು ಹೆಂಡತಿಗೆ ಪಿಸುಗುಟ್ಟುತ್ತಿದ್ದೆ. ಕಿವಿ ಕೇಳದವರ ಮನೆಯಲ್ಲಿ ಏನು ಭಯ?

ಆ ವರ್ಷ ಭಾವನ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿ ಅಜ್ಜಿಯ ಬಗ್ಗೆ ಮಾತಾಡಿದಳು. ಅಜ್ಜಿ ಹೋಗಲಿಲ್ಲ, ಮಂಡಿನೋವು, ಮೇಲೆ ಜ್ವರ. ಭಾವ ಸಹೋದ್ಯೋಗಿಯ ಹೊಸ ಎಚ್‌ಡಿ ಕ್ಯಾಮೆರಾ ಎರವಲು ತಂದು ಅಷ್ಟನ್ನೂ ಚಿತ್ರಿಸಿದರು. ಏನು ಮಾತಾಡಿದೆ ಎಂದು ಅಜ್ಜಿ ಕೇಳಿದರೆ ಹುಡುಗಿ ಬಾಯಿ ಬಿಡಲಿಲ್ಲ. “ವಿಡಿಯೋದಲ್ಲೇ ನೋಡಜ್ಜಿ,” ಎಂದಳು.

ನೋಡುವುದೆಲ್ಲಿ ಬಂತು? ವಿಡಿಯೋ ಶುರುವಾಗುತ್ತಿದ್ದಂತೆ ಹುಡುಗಿ ಕೈ ಎತ್ತಿದರೆ ಎತ್ತಿದಂತೆ ನಿಲ್ಲುವಳು, ಮತ್ತೆ ನೋಡಿದರೆ ಕೈ ಕೆಳಗಿರುವುದು. ಬಾಯಿ ತೆರೆದವಳು ತೆರೆದಂತೆಯೇ ಒಂದು ವಾಕ್ಯ ಮುಗಿಸುವಳು. ಗ್ರಾಫು ನೆತ್ತಿಗೆ ಹತ್ತಿ ಅಲ್ಲೇ ಚಪ್ಪಟೆಯಾಗಿ ಮಲಗಿತ್ತು. ಎಲ್ಲ ಕೆಲಸವೂ ಯಜಮಾನನ ತಲೆಯ ಮೇಲೆ, ಆಳು ಏನೂ ಮಾಡುತ್ತಿಲ್ಲ!

ಭಾವ ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗಿನ ಮುಂದೆ ಟಿಕ್ ಹಾಕಿದರು. ತೆಗೆದು ಮತ್ತೆ ಹಾಕಿದರು. ಕಾರ್ಡಿನ ಡ್ರೈವರ್ ಅಳಿಸಿ ಹೊಸದು ಹಾಕಿದರು, ಪ್ಲೇಯರ್ ಮೇಲೆ ಪ್ಲೇಯರ್ ಬದಲಿಸಿದರು. ಬಿಸಿಯಾಗಿರಬಹುದೆಂದು ಡಬ್ಬದ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟರು. ಅದರಿಂದ ಲಾಭವಾದದ್ದು ಅಜ್ಜಿಗೆ, ಮಧ್ಯಾಹ್ನದ ನಿದ್ದೆಗೆ ಅಲ್ಲೇ ಚಾಪೆ ಹಾಕಿಕೊಂಡರು.

ದಿನಾ ಶಾಲೆಯಿಂದ ಬಂದ ಹುಡುಗಿ ಚಪ್ಪಲಿ ಬಿಡುವ ಮೊದಲೇ ಕೇಳುವಳು: “ಅಜ್ಜಿ ನೋಡಿದ್ಲಾ ಅಪ್ಪ?”

“ಇನ್ನೂ ಇಲ್ಲ ಪುಟ್ಟಿ.”

ಅವಳ ಮುಖ ನೋಡಲಾಗದೆ ನಾನು ಸಲಹೆಗಳನ್ನು ಧಾರೆಯೆರೆದೆ. ಸಲಹೆಗೆ ನನ್ನಲ್ಲಿ ಬರವಿಲ್ಲ.

“ವಿಡಿಯೋನ ಚಿಕ್ಕದು ಮಾಡಿ ಭಾವ, ಹಗುರಾಗ್ತದೆ.”

“ಮಾಡ್ದೆ. ಅಷ್ಟು ದೂರದಿಂದ ತೆಗ್ದಿದ್ದು, ಬಾಯಿ ಇರೋ ಜಾಗದಲ್ಲಿ ಬರೀ ಚೌಕ ಕಾಣ್ತದೆ.”

“ಅವಳು ಹೇಳಿದ್ದನ್ನ ಅಕ್ಷರದಲ್ಲಿ ಕೆಳಗೆ ಬರೆಸಿ.”

“ಅಮ್ಮನಿಗೆ ಓದೋಕೆ ಬರಲ್ವಲ್ರೀ.”

“ನನ್ನಂಗಡೀಲಿ ಒಂದು ಚಪ್ಪಟೆ ಟೀವಿ ಬಂದಿದೆ. ನಿಮ್ಗೆ ಅಂತ ಕಮ್ಮಿಗೆ...”

“ಆಳು ಒಳಗೇ ಕೂತಿದ್ದಾನೆ. ಅವನನ್ನ ಎಬ್ಬಿಸೋದು ಬಿಟ್ಟು ಇನ್ನೊಬ್ಬನಿಗೆ ಸಂಬಳ ಯಾಕ್ ಕೊಡ್ಲಿ?”

ಕೊನೆಗೆ ಅತಿ ಬುದ್ಧಿವಂತಿಕೆಯ ಸಲಹೆಯೊಂದನ್ನು ಕೊಟ್ಟೆ. ವಿಡಿಯೋದ ಕೊನೆಯಲ್ಲಿ ಮೈಕ್ ಕೆಟ್ಟಿತ್ತು. ಹುಡುಗಿಯ ಬಾಯಿ ಆಡುತ್ತದೆ, ಸದ್ದಿಲ್ಲ. “ಆ ಭಾಗ ಕತ್ತರಿಸಿ ಬಿಸಾಡಿ. ಅಷ್ಟಕ್ಕೂ ಅಮ್ಮನಿಗೆ ಕಿವೀನೇ ಕೇಳಲ್ಲ, ಚಿತ್ರ ಒಂಚೂರು ತಡವರಿಸಿದ್ರೆ ಏನ್ ಮುಳುಗಿಹೋಗ್ತದೆ?”

ಭಾವ ಒಪ್ಪಲಿಲ್ಲ. “ಅದೇ ಕಣ್ರೀ ಮುಖ್ಯ. ಮೈಕ್ ಕೆಟ್ಟಿರ್ಲಿಲ್ಲ. ಹೆಚ್ಗೆ ಕೇಳ್ಬೇಡಿ, ಮಗಳಿಗೆ ಮಾತು ಕೊಟ್ಟಿದ್ದೀನಿ.”

ಇವರಿಗೆ ಗ್ರಾಫು ನೋಡಿ ನೋಡಿ ತಲೆ ಕೆಟ್ಟಿದೆ ಎಂದುಕೊಂಡೆ.

ಒಂದು ಭಾನುವಾರ ಫೋನು ಬಂತು. ಭಾವನ ಧ್ವನಿ ಇಳಿದುಹೋಗಿತ್ತು. “ಸಾವ್ಕಾರ್ರೆ, ಬಂದು ಈ ಡಬ್ಬ ತಗೊಂಡ್ ಹೋಗಿ. ಎಷ್ಟಾದ್ರೂ ಕೊಡಿ. ನನ್ ಕೈಲಾಗಲಿಲ್ಲ.”

ಹೋದೆ. ಹುಡುಗಿ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅಜ್ಜಿ ಚಾಪೆಯ ಮೇಲೆ ಕೂತಿದ್ದರು. ನಿಮಗೆ ಇನ್ನೊಂದು ಮಾತು ಹೇಳುತ್ತೇನೆ, ಪುಕ್ಕಟೆಯಾಗಿ: ಯಾವ ವಸ್ತುವನ್ನೇ ಕೊಳ್ಳುವಾಗಲೂ ಮೊದಲು ಬೆನ್ನು ನೋಡಿ. ಮುಂಭಾಗವನ್ನು ಎಲ್ಲರೂ ಒರೆಸಿಟ್ಟಿರುತ್ತಾರೆ. ನಾನು ಅಭ್ಯಾಸಬಲದಿಂದ ಡಬ್ಬವನ್ನು ತಿರುಗಿಸಿದೆ. ಮಾನಿಟರಿನ ಕೇಬಲ್ ಮೇಲಿನ ನೀಲಿ ಕಿಂಡಿಗೆ ಹೋಗಿತ್ತು. ಕೆಳಗೆ ಒಂಟಿಯಾಗಿ ಇನ್ನೊಂದು ಅಂಥದೇ ನೀಲಿ ಕಿಂಡಿ. ಅದರ ತುಂಬ ಗಂಧ, ಗಂಧದ ಮೇಲೆ ಕುಂಕುಮ. ಒಣಗಿ ಗಾರೆಯಂತೆ ಕೂತಿತ್ತು.

“ಇದೇನ್ ಭಾವ?”

“ಆಯುಧಪೂಜೇಲಿ ಅಮ್ಮ ಇಟ್ಟಿದ್ದು. ಕೇಬಲ್ಲೆಲ್ಲ ಬಿಚ್ಚಿ ಒರೆಸಿ ಕೊಟ್ಟಿದ್ದೆ. ಮಗ್ಗಕ್ಕೆ ಪೂಜೆ ಮಾಡ್ದಂಗೆ ಮಾಡಿದ್ರು. ಆಮೇಲೆ ಅಮ್ಮ ಇಟ್ಟ ಕುಂಕುಮ ಕೆರೆಯೋಕೆ ಮನಸ್ಸು ಬರಲಿಲ್ಲ. ಮೇಲಿಂದು ಖಾಲಿ ಇತ್ತು, ಅದಕ್ಕೇ ಸಿಕ್ಕಿಸ್ದೆ. ಚಿತ್ರ ಬಂತಲ್ಲ, ಅದಕ್ಕೇ...”

ಭಾವನ ಬಾಯಿಯೂ ವಿಡಿಯೋದ ಹುಡುಗಿಯ ಬಾಯಿಯಂತೆ ತೆರೆದದ್ದು ತೆರೆದಂತೆಯೇ ನಿಂತಿತು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು.

“ಕೆಳಗಿಂದು ಕಾರ್ಡಿನ ಕಿಂಡಿ ಸಾವ್ಕಾರ್ರೆ. ಮೇಲಿಂದು ಮದರ್‌ಬೋರ್ಡಿಂದು, ಯಜಮಾನನ ಕಡೇದು. ಹಬ್ಬದಿಂದ ಕಾರ್ಡಿಗೂ ಮಾನಿಟರಿಗೂ ಸಂಬಂಧವೇ ಇಲ್ಲ! ಹಳೇ ವಿಡಿಯೋಗಳು ಹಗುರ, ಯಜಮಾನನೇ ಹೆಂಗೋ ಎಳೀತಿದ್ದ. ನಂಗೆ ಗೊತ್ತೇ ಆಗಲಿಲ್ಲ.”

ಆಳನ್ನು ಎಬ್ಬಿಸಲು ಅಷ್ಟು ದಿನ ಕೂಗಿದ್ದೇ ಕೂಗಿದ್ದು. ಆದರೆ ಹಬ್ಬದ ದಿನವೇ ಆಳಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ನಾನು ಜೇಬಿನಿಂದ ಬೀಗದ ಕೈ ತೆಗೆದು ಕೆರೆಯಲು ಹೊರಟೆ. ಭಾವ ನನ್ನ ಕೈ ತಡೆದು, ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಮೆಲ್ಲನೆ ಕೇಳಿದರು: “ಅಮ್ಮ, ನೀನಿಟ್ಟ ಕುಂಕುಮ ತೆಗೀಬೇಕಾಗಿದೆ. ತೆಗೀಲಾ?”

“ಅಯ್ ನಿನ್ನ,” ಎಂದರು ಆ ತಾಯಿ. “ಮಗ್ಗಕ್ಕೆ ಇಟ್ಟ ಕುಂಕ್ಮಾನ ಮಾರನೆ ದಿನ ಒರೆಸ್ಕೊಂಡೇ ಅಲ್ವಾ ಕೆಲ್ಸಕ್ಕೆ ಕೂತಿದ್ದು? ಇಂಗೆ ಇಟ್ಕೊಂಡು ಕೂತಿದ್ದೀಯಾ ಇಷ್ಟು ದಿನ? ದೇವ್ರೇನು ಕೂಲಿ ಕೊಡ್ತಾನಾ? ಅತ್ಲಾಗೆ ಸರ್ಕೋ.”

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದರು. ಕರೆಂಟು ತೆಗೆದ ಡಬ್ಬವನ್ನು ಮುಂದೆ ಎಳೆದುಕೊಂಡು, ಆ ಕಿಂಡಿಯ ಸಣ್ಣ ಸಣ್ಣ ತೂತುಗಳನ್ನು ಒಂದೊಂದಾಗಿ ಬಿಡಿಸಿದರು. ಸಿಕ್ಕುಬಿದ್ದ ರೇಷ್ಮೆ ಎಳೆ ಬಿಡಿಸಿದ ಬೆರಳುಗಳು ಅವು. ಕೊನೆಗೆ ಸೆರಗಿನ ತುದಿಯಿಂದ ಒರೆಸಿ, “ಊಂ, ಆಕು,” ಎಂದರು.

ಭಾವ ಕೇಬಲ್ ಹಾಕಿದರು. ಪ್ಲೇಯರ್ ತೆರೆದರು. ಗ್ರಾಫು ಒಮ್ಮೆ ತಲೆ ಎತ್ತಿ, ನೆಲ ಹಿಡಿದು ಮಲಗಿತು. ವೇದಿಕೆಯ ಮೇಲೆ ಹುಡುಗಿ ನೀರಿನ ಹಾಗೆ ಸರಾಗವಾಗಿ ನಡೆದು ಬಂದಳು, ನಮಸ್ಕಾರ ಹೇಳಿದಳು, ಮಗ್ಗದ ಶೆಡ್ಡಿನ ಅಜ್ಜಿಯ ಕಥೆ ಹೇಳಿದಳು. ಕೊನೆಯ ಭಾಗ ಬಂತು. ತುಟಿ ಆಡುತ್ತಿದೆ, ಧ್ವನಿಯಿಲ್ಲ.

“ಇಲ್ಲೇ ಭಾವ, ಮೈಕು...” ಎಂದು ನಾನು ಬಾಯಿ ತೆರೆದೆ. ಭಾವ ನನ್ನ ಮೊಣಕೈ ಹಿಡಿದರು.

ಅಜ್ಜಿ ತೆರೆಯ ಹತ್ತಿರಕ್ಕೆ ಬಾಗಿದ್ದರು. ಕಣ್ಣು ಹುಡುಗಿಯ ತುಟಿಯ ಮೇಲೇ ಇತ್ತು. ಆಮೇಲೆ ತೆರೆಯ ಕಡೆಯಿಂದ ತಿರುಗಿ, ಬಾಗಿಲಲ್ಲಿ ನಿಂತ ನಿಜವಾದ ಹುಡುಗಿಗೆ ಹೇಳಿದರು: “ಕೇಳುಸ್ತು ಕಣವ್ವ. ಎಲ್ಲಾ ಕೇಳುಸ್ತು.”

ಹುಡುಗಿ ಓಡಿ ಬಂದು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು.

“ಏನಂದ್ಲಮ್ಮ?” ಎಂದು ಭಾವ ತಾಯಿಯ ಎದುರಿಗೆ ಬಂದು ಕೇಳಿದರು.

“ಅಜ್ಜಿ, ನಿಂಗೆ ಕೇಳಿಸ್ತಾ ಅಂದ್ಲು.”

ಆಗ ಭಾವ ನನಗೆ ಹೇಳಿದರು. ಆ ಶೆಡ್ಡುಗಳ ಸದ್ದಿನಲ್ಲಿ ಹೆಂಗಸರು ಕೂಗಿ ಮಾತಾಡಿದವರೇ ಅಲ್ಲವಂತೆ. ಆಚೆ ಸಾಲಿನವರು ಬರೀ ತುಟಿ ಆಡಿಸಿದರೆ ಈಚೆ ಸಾಲಿನವರು ಕಣ್ಣಲ್ಲೇ ಕೇಳಿಸಿಕೊಳ್ಳುತ್ತಿದ್ದರಂತೆ. ಕಿವಿ ಹೋದ ಮೇಲೆ ಅಮ್ಮನಿಗೆ ಅದೊಂದೇ ದಾರಿ. “ಚಿತ್ರ ಬಿಟ್ಟು ಬಿಟ್ಟು ಬಂದ್ರೆ ನಮ್ಗೆ ಬೇಜಾರು ಅಷ್ಟೇ ಸಾವ್ಕಾರ್ರೆ. ಅಮ್ಮನಿಗೆ ಅರ್ಧ ಮಾತೇ ಹೋಗ್ಬಿಡ್ತದೆ.”

ಅಂದರೆ ಭಾವ ಇಷ್ಟು ವರ್ಷ ಊರಿನ ವಿಡಿಯೋಗಳಲ್ಲೆಲ್ಲ ತುಟಿ ಹುಡುಕುತ್ತಿದ್ದದ್ದು ಇದಕ್ಕೆ! ತಲುಪುತ್ತಿದ್ದದ್ದು ನನ್ನ ಗಂಟಲೂ ಅಲ್ಲ. ಆಗ ಇನ್ನೊಂದು ವಿಷಯ ಹೊಳೆಯಿತು. ನಡುಮನೆಯ ಆಚೆ ಬದಿಯಲ್ಲಿ ಕೂತು ನಾನು ಕಾಫಿಯ ಬಗ್ಗೆ ಪಿಸುಗುಟ್ಟಿದ್ದು?

ಆ ಡಬ್ಬವನ್ನು ನಾನು ಕೊಳ್ಳಲಿಲ್ಲ, ಅವರು ಮಾರಲೂ ಇಲ್ಲ. ಈಗ ಆ ಮನೆಗೆ ಹೋದರೆ ನಾನು ಕೂಗುವುದಿಲ್ಲ. ಬಾಯಲ್ಲಿನ ಎಲೆಅಡಿಕೆ ಉಗಿದು, ಮುಖ ತೊಳೆದು, ಬೆಳಕಿಗೆ ಎದುರಾಗಿ ಕೂರುತ್ತೇನೆ. ಮೊನ್ನೆ ಅವರು ಲೋಟ ಕೈಗಿಟ್ಟಾಗ, ಒಂದು ಗುಟುಕು ಕುಡಿದು, ಧ್ವನಿಯೇ ಇಲ್ಲದೆ ಬರೀ ತುಟಿಯಲ್ಲಿ ಹೇಳಿದೆ: ‘ಕಾಫಿ ಚೆನ್ನಾಗಿದೆ ಅಮ್ಮ.’

ಅವರು ನನ್ನ ಬಾಯನ್ನೇ ನೋಡಿದರು. ಬೊಚ್ಚುಬಾಯಿ ಅಗಲಿಸಿ ನಕ್ಕರು. ಲೋಟ ವಾಪಸ್ ಇಸಿದುಕೊಂಡು, “ತಾಳಪ್ಪ, ಇನ್ನೊಸಿ ಡಿಕಾಕ್ಷನ್ ಆಕ್ಕೊಂಡ್ ಬತ್ತೀನಿ,” ಎಂದು ಮಂಡಿ ಹಿಡಿದುಕೊಂಡು ಒಳಗೆ ಹೋದರು.